ನೋಯುವ ಮೊಣಕೈಗೆ ಮಂಜುಗಡ್ಡೆ

ನೋವೆಂದರೆ ಶಾಖ ಕೊಡುವುದು ನಮ್ಮ ಮನೆಗಳ ವಾಡಿಕೆ. ಹರಳೆಲೆ, ಉಪ್ಪಿನ ಗಂಟು, ಬಿಸಿನೀರಿನ ಚೀಲ, ಇವುಗಳಲ್ಲೊಂದು ನೆನಪಾಗದ ಮನೆಯಿಲ್ಲ. ಹೀಗಿರುವಾಗ ನೋಯುವ ಕೈಗೆ ಮಂಜುಗಡ್ಡೆ ತಿಕ್ಕಿರೆಂದರೆ ತಾವು ನಗಬಹುದು. ನಾನೂ ನಕ್ಕವನೇ.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಕೈಯೆತ್ತಿ ಬರೆದ ಫಲವೋ ಏನೋ, ಕಳೆದ ವರ್ಷ ನನ್ನ ಬಲ ಮೊಣಕೈಯ ಹೊರಬದಿ ನೋಯತೊಡಗಿತು. ಸಂಧಿಯ ಸೂತ್ರವೊಂದನ್ನು ಬರೆದು ಮುಗಿಸುವಷ್ಟರಲ್ಲಿ ಸೀಮೆಸುಣ್ಣ ಜಾರುತ್ತಿತ್ತು; ತುಂಬಿದ ಚೊಂಬನ್ನೆತ್ತಲು ಎಡಗೈಯೇ ಬೇಕಾಗುತ್ತಿತ್ತು. ವೈದ್ಯರು ‘ಟೆನಿಸ್ ಎಲ್ಬೊ’ ಎಂದರು. ಟೆನಿಸ್ ಬ್ಯಾಟನ್ನೇ ಮುಟ್ಟದವನಿಗೆ ಇದೆಂತಹ ಬಿರುದು! ಆದರೆ 1873ರಲ್ಲಿ ಈ ಬೇನೆಯನ್ನು ಮೊದಲು ವರ್ಣಿಸಿದ ಜರ್ಮನಿಯ ವೈದ್ಯ ರುಂಗೆ ಬರೆಯಹೊರಟದ್ದು ಬರಹಗಾರರ ಕೈಸೆಳೆತವನ್ನು ಕುರಿತು. ನನಗೆ ಅಷ್ಟೇ ಸಮಾಧಾನ.

ಇಲ್ಲಿ ಕೆಡುವುದು ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿ, ಎಂದರೆ ಸ್ನಾಯುರಜ್ಜು. (ಸುಶ್ರುತನಲ್ಲಿ ಸ್ನಾಯುವೆಂದರೆ ಕಟ್ಟುವ ಹುರಿಯೇ, ಮಾಂಸಖಂಡಕ್ಕೆ ಪೇಶಿ ಎಂಬ ಬೇರೆ ಮಾತಿದೆ. ಸ್ನಾಯುವನ್ನು ಮಾಂಸಖಂಡವಾಗಿಸಿದವು ನಮ್ಮ ಪಠ್ಯಪುಸ್ತಕಗಳು.)

ಕಾಗದದ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ರಾತ್ರಿ ಫ್ರಿಜ್ಜಿನ ಮಂಜುಗಟ್ಟುವ ಖಾನೆಯಲ್ಲಿಡಿ. ಮರುದಿನ ಲೋಟದ ಅಂಚನ್ನು ಎರಡು ಬೆರಳಗಲ ಹರಿದು ತೆಗೆದರೆ ಗಡ್ಡೆ ಹೊರಗೆ ಕಾಣುತ್ತದೆ. ಉಳಿದ ಕಾಗದವೇ ಹಿಡಿ. ನೋಯುವ ಜಾಗದ ಮೇಲೆ ಅದನ್ನು ಸಣ್ಣ ಸಣ್ಣ ಸುತ್ತುಗಳಾಗಿ, ಎಲ್ಲಿಯೂ ನಿಲ್ಲಿಸದೆ ಆಡಿಸಬೇಕು. ಮೊದಲು ಚಳಿ, ಬಳಿಕ ಉರಿ, ಆಮೇಲೆ ಒಂದು ಬಗೆಯ ಸೆಳೆತ, ಕೊನೆಗೆ ಜೋಮು. ಜೋಮು ಬಂತೋ, ನಿಲ್ಲಿಸಿಬಿಡಿ. 5 ನಿಮಿಷ ಸಾಕು, 10 ಮೀರಬಾರದು. ಗಡ್ಡೆಯನ್ನು ಒಂದೇ ಕಡೆ ಒತ್ತಿ ಕುಳಿತರೆ ಚರ್ಮ ಸುಟ್ಟಂತೆ ಬೊಬ್ಬೆಯೇಳಬಹುದು. ಮೊಣಕೈಯ ಒಳಬದಿಯಲ್ಲಿ, ತಾಗಿದರೆ ಜುಮ್ಮೆನ್ನುವ ನರವಿದೆ; ಅತ್ತ ಹೋಗಬೇಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾದವರು, ಚಳಿಗೆ ಬೆರಳು ಬಿಳಿಚಿಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಕೂಡದು.

ಮಂಜುಗಡ್ಡೆಗೆ ಇಲ್ಲದ ಮಹಿಮೆಯನ್ನು ಹೊರಿಸುವುದೂ ಸಲ್ಲದು. ಚಳಿಯು ನರಗಳನ್ನು ಮಂದಗೊಳಿಸಿ ನೋವಿನ ಸುದ್ದಿಯನ್ನು ತಡೆಯುತ್ತದೆ, ಸವೆದ ಹುರಿಯನ್ನು ಹೊಸೆಯಲಾರದು. ಪೆಟ್ಟಿಗೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಎತ್ತರದಲ್ಲಿಡುವುದು ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಮಂಜುಗಡ್ಡೆಯಿಂದ ವಾಸಿಯಾಗುವುದು ತಡವಾದೀತೆಂದು ಮುಂದೆ ತಮ್ಮ ಮಾತನ್ನು ತಿದ್ದಿಕೊಂಡರು. ಪಂಡಿತರಲ್ಲಿ ಇದು ಅಪರೂಪ.

ಹುರಿಗೆ ಬಲ ಬರುವುದು ಹದವಾದ ದುಡಿಮೆಯಿಂದ. ಮುಂಗೈಯನ್ನು ಮೇಜಿನ ಮೇಲೆ ಬೋರಲಾಗಿಟ್ಟು, ನೀರಿನ ಸಣ್ಣ ಸೀಸೆಯನ್ನು ಹಿಡಿದು, ಮಣಿಕಟ್ಟನ್ನು ಎಡಗೈಯ ನೆರವಿನಿಂದ ಮೇಲೆತ್ತಿ ಮೆಲ್ಲಗೆ ಇಳಿಸುವ ಅಭ್ಯಾಸವನ್ನು ನನಗೆ ಹೇಳಿಕೊಟ್ಟರು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮಂಜುಗಡ್ಡೆಯನ್ನು ಪಾಠಗಳೆಲ್ಲ ಮುಗಿದ ಸಂಜೆಗೆ ಇಟ್ಟುಕೊಂಡಿದ್ದೇನೆ. ಜೋಮು ಹಿಡಿದ ಕೈಯಿಂದ ಭಾರವೆತ್ತಿದರೆ ಎಚ್ಚರಿಸಲು ನೋವೂ ಇರುವುದಿಲ್ಲವಲ್ಲ. ಕರಿಹಲಗೆಯ ಮೇಲೆ ಈಗ ಎದೆಯ ಮಟ್ಟದಲ್ಲಿಯೇ ಬರೆಯುತ್ತೇನೆ. ಕಾಣುವುದಿಲ್ಲವೆಂದು ಹಿಂದಿನ ಬೆಂಚಿನವರು ದೂರುತ್ತಾರೆ.