ಸೈನ್ಯದವರು ಮಾರುವ ಹಳೆಯ ಅಗೆಯುವ ಯಂತ್ರಗಳು: ಕೊಳ್ಳುವ ಮೊದಲು ತಿಳಿಯತಕ್ಕ ಸಂಗತಿಗಳು

ಕೆರೆಯ ಹೂಳೆತ್ತುವುದು, ಬದು ಹಾಕುವುದು, ಬಸಿಗಾಲುವೆ ತೆಗೆಯುವುದು, ಮರದ ಬೊಡ್ಡೆಗಳನ್ನು ಕೀಳುವುದು ಮೊದಲಾದ ಕೆಲಸಗಳಿಗೆ ಹಿಂದೆ ಊರಿನ ಆಳುಗಳೆಲ್ಲರೂ ಸೇರಿ ಬೇಸಗೆಯನ್ನೆಲ್ಲ ಕಳೆಯಬೇಕಾಗುತ್ತಿತ್ತು. ಈಗ ಮುಂಭಾಗದಲ್ಲಿ ಮಣ್ಣು ತುಂಬುವ ಬಕೆಟ್ಟನ್ನೂ ಹಿಂಭಾಗದಲ್ಲಿ ಅಗೆಯುವ ತೋಳನ್ನೂ ಉಳ್ಳ ಒಂದೇ ಯಂತ್ರವು ಅವನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಬ್ಯಾಕ್‌ಹೋ ಲೋಡರ್ ಎಂಬುದು ಇದರ ಹೆಸರು. ಕನ್ನಡ ನಾಡಿನ ಹಳ್ಳಿಗಳಲ್ಲಿ ಒಬ್ಬ ತಯಾರಕರ ಹೆಸರಿನಿಂದ ಜೆಸಿಬಿ ಎಂದೇ ಪ್ರಸಿದ್ಧವಾಗಿದೆ. ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಹಣ ಬೇಕು. ಆದಕಾರಣ ಸೈನ್ಯದವರು ಹರಾಜು ಹಾಕುವ ಹಳೆಯ ಯಂತ್ರವನ್ನು ಅಗ್ಗದಲ್ಲಿ ಕೊಂಡರೆ ಲಾಭವಲ್ಲವೇ ಎಂದು ಅನೇಕ ಜಮೀನುದಾರರಿಗೆ ತೋರುವುದು ಸಹಜ. ಈ ಯೋಚನೆ ತಪ್ಪಲ್ಲ. ಆದರೆ ಹರಾಜಿನ ಬೆಲೆಯನ್ನೇ ಯಂತ್ರದ ಪೂರ್ತಿ ಬೆಲೆಯೆಂದು ಎಣಿಸಿ, ಜಮೀನನ್ನು ಆಧಾರ ಮಾಡಿ ಸಾಲ ತಂದು ಕೊಳ್ಳುವುದು ಮನೆತನಕ್ಕೆ ಹಾನಿಕರವಾದ ಕೆಲಸ.

ಒಂದು ದೃಷ್ಟಾಂತ

ಇದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಳ್ಳೆಯ ದೃಷ್ಟಾಂತವುಂಟು. ಅಲ್ಲಿನ ಸೈನ್ಯವು ೧೯೮೦ರ ದಶಕದಲ್ಲಿ, ಸಿಪಾಯಿಗಳು ಅಡಗಿ ಕುಳಿತುಕೊಳ್ಳುವ ಗುಂಡಿಗಳನ್ನು ಬೇಗ ತೋಡುವುದಕ್ಕಾಗಿ, ಜರ್ಮನಿಯ ಯುನಿಮಾಗ್ ಎಂಬ ವಾಹನದ ಮೇಲೆ ಮುಂದೆ ಬಕೆಟ್ಟನ್ನೂ ಹಿಂದೆ ಅಗೆಯುವ ತೋಳನ್ನೂ ಕೂಡಿಸಿದ ಯಂತ್ರಗಳನ್ನು ಕೊಂಡಿತು. ಸ್ಮಾಲ್ ಎಂಪ್ಲೇಸ್‌ಮೆಂಟ್ ಎಕ್ಸ್‌ಕವೇಟರ್ ಎಂಬುದು ಇದರ ಹೆಸರು. ಯುನಿಮಾಗ್ ಹುಟ್ಟಿದ್ದು ಬೇಸಾಯಕ್ಕಾಗಿಯೇ. ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನಿಯ ರೈತರಿಗಾಗಿ ಇದನ್ನು ರೂಪಿಸಿದರು. ಆಲೂಗಡ್ಡೆಯ ಎರಡು ಸಾಲುಗಳಿಗೆ ಸರಿಹೋಗುವಂತೆ ಅದರ ಗಾಲಿಗಳ ಅಂತರವನ್ನು ೧,೨೭೦ ಮಿಲಿಮೀಟರಿಗೆ ಇಟ್ಟಿದ್ದರು. ಹೀಗೆ ಹೊಲದಿಂದ ಸೈನ್ಯಕ್ಕೆ ಹೋದ ವಾಹನವು ಹರಾಜಿನ ಮೂಲಕ ಮರಳಿ ಹೊಲಕ್ಕೆ ಬಂದಿತು.

ಈ ಯಂತ್ರದ ತೂಕ ಸುಮಾರು ೭ ಟನ್ನು. ಎಂಜಿನ್ನು ಆರು ಸಿಲಿಂಡರಿನ ಡೀಸೆಲ್ಲಿನದು, ಸುಮಾರು ೧೧೦ ಅಶ್ವಶಕ್ತಿಯದು. ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವುದರಿಂದಲೂ, ಅಚ್ಚು ನೆಲದಿಂದ ಎತ್ತರದಲ್ಲಿರುವುದರಿಂದಲೂ ಒರಟು ನೆಲದಲ್ಲಿ ಸುಲಭವಾಗಿ ನಡೆಯುತ್ತದೆ. ರಸ್ತೆಯ ಮೇಲೆ ಸಾಮಾನ್ಯ ಅಗೆಯುವ ಯಂತ್ರಗಳಿಗಿಂತ ಬಹಳ ಬೇಗ ಓಡುತ್ತದೆ. ದೂರದೂರದ ಜಮೀನುಗಳಿರುವವರಿಗೆ ಇದು ಗುಣ. ದೋಷವೂ ಉಂಟು. ಸಾಮಾನ್ಯ ಯಂತ್ರದಲ್ಲಿ ಚಾಲಕನು ಆಸನವನ್ನು ಹಿಂದಕ್ಕೆ ತಿರುಗಿಸಿ ಅಗೆಯತೊಡಗಬಹುದು. ಇದರಲ್ಲಾದರೋ ಮುಂದಿನ ಕೋಣೆಯಿಂದ ಇಳಿದು ಹಿಂದಿನ ಆಸನಕ್ಕೆ ಹತ್ತಬೇಕು. ಗುಂಡಿ ತೋಡಿ ಹೊರಟುಹೋಗುವ ಸೈನ್ಯಕ್ಕೆ ಇದು ತೊಡಕಲ್ಲ. ದಿನವೆಲ್ಲ ಸ್ವಲ್ಪ ಸ್ವಲ್ಪ ಸರಿಯುತ್ತ ಕಾಲುವೆ ತೆಗೆಯುವವನಿಗೆ ದೊಡ್ಡ ತೊಡಕು. ಸೈನ್ಯದ ಅಗತ್ಯ ಬೇರೆ, ಜಮೀನಿನ ಅಗತ್ಯ ಬೇರೆ ಎಂಬುದನ್ನು ಮೊದಲು ಮನಗಾಣತಕ್ಕದ್ದು.

ಕಡಮೆ ಓಡಿದ ಯಂತ್ರವೆಲ್ಲ ಹೊಸದಲ್ಲ

ಸೈನ್ಯದ ಯಂತ್ರಗಳ ಗಂಟೆಯ ಮೀಟರು ಅನೇಕ ವೇಳೆ ಬಹಳ ಕಡಮೆ ತೋರಿಸುತ್ತದೆ. ಇದನ್ನು ಕಂಡು ಮೋಸಹೋಗಬಾರದು. ಯಂತ್ರವು ಕೆಲಸದಿಂದ ಸವೆಯುವಂತೆ ಸುಮ್ಮನೆ ನಿಂತೂ ಕೆಡುತ್ತದೆ. ವರ್ಷಗಟ್ಟಲೆ ಬಯಲಿನಲ್ಲಿ ನಿಂತರೆ ರಬ್ಬರಿನ ಸೀಲುಗಳು ಗಡುಸಾಗುತ್ತವೆ, ಎಣ್ಣೆಯ ಕೊಳವೆಗಳು ಬಿರಿಯುತ್ತವೆ, ಟೈರುಗಳು ಸೀಳುತ್ತವೆ, ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರುತ್ತದೆ, ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿ ಒಳಗಿನ ಭಾಗಗಳಿಗೆ ತುಕ್ಕು ಹಿಡಿಸುತ್ತದೆ. ತೋಳೂ ಬಕೆಟ್ಟೂ ಚಲಿಸುವುದು ಪಂಪು ಒತ್ತಿ ಕಳುಹಿಸುವ ಎಣ್ಣೆಯ ಬಲದಿಂದ. ಸೀಲು ಹೋದಲ್ಲಿ ಆ ಬಲವೂ ಹೋಗುತ್ತದೆ.

ಅಮೆರಿಕದಲ್ಲಿ ಇಂಥವನ್ನು ಇದ್ದಲ್ಲಿ ಇದ್ದಂತೆ ಎಂಬ ಷರತ್ತಿನ ಮೇಲೆ ಮಾರುತ್ತಾರೆ. ಕೊಂಡಮೇಲೆ ದೋಷ ಕಂಡರೆ ಮಾರಿದವರ ಹೊಣೆಯಿಲ್ಲ. ಸಾಗಿಸುವ ಖರ್ಚೂ ಕೊಂಡವನದೇ. ಕೆಲವು ವಸ್ತುಗಳನ್ನು ಯಾವ ಕೆಲಸಕ್ಕೆ ಉಪಯೋಗಿಸುವನೆಂದು ಬರೆದುಕೊಡಬೇಕು; ಕೆಲವು ವಾಹನಗಳನ್ನು ರಸ್ತೆಯ ಮೇಲೆ ಓಡಿಸಬಾರದೆಂಬ ಕಟ್ಟಿನಿಂದಲೇ ಕೊಡುತ್ತಾರೆ.

ಪರೀಕ್ಷಿಸುವ ಕ್ರಮ

೧. ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಸಂಶಯಪಡತಕ್ಕದ್ದು.

೨. ಹೈಡ್ರಾಲಿಕ್ ಎಣ್ಣೆಯು ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು.

೩. ಎಣ್ಣೆಯು ಚೆನ್ನಾಗಿ ಬಿಸಿಯಾದ ಮೇಲೆ ಬಕೆಟ್ಟನ್ನು ಸ್ವಲ್ಪ ಎತ್ತಿ ಹಾಗೆಯೇ ಬಿಟ್ಟು, ದೂರ ನಿಂತು ನೋಡಬೇಕು. ತಾನಾಗಿ ಬೇಗ ಇಳಿದರೆ ಸಿಲಿಂಡರೋ ವಾಲ್ವೋ ಸೋರುತ್ತಿದೆಯೆಂದರ್ಥ. ನೆಲಕ್ಕೆ ಊರುವ ಎರಡು ಕಾಲುಗಳನ್ನೂ ಹೀಗೆಯೇ ನೋಡಬೇಕು.

೪. ತೋಳಿನ ಕೀಲುಗಳಲ್ಲಿರುವ ಪಿನ್ನು, ಬುಷ್‌ಗಳು ಸವೆದು ಅಲುಗಾಡುತ್ತವೆಯೇ, ತೋಳಿನ ಬುಡದಲ್ಲಿ ಬಿರುಕಾಗಲಿ ಹಳೆಯ ಬೆಸುಗೆಯಾಗಲಿ ಇದೆಯೇ ಎಂದು ಕೈದೀಪ ಹಿಡಿದು ಪರೀಕ್ಷಿಸಬೇಕು.

೫. ಬಿಡಿಭಾಗಗಳು ಹತ್ತಿರದ ಪಟ್ಟಣದಲ್ಲಿ ದೊರೆಯುವುವೇ ಎಂದು ಹರಾಜಿಗೆ ಮೊದಲೇ ವಿಚಾರಿಸಬೇಕು. ಒಂದು ಸೀಲಿಗಾಗಿ ತಿಂಗಳುಗಟ್ಟಲೆ ನಿಲ್ಲುವ ಯಂತ್ರವು ಅಗ್ಗದ್ದಲ್ಲ.

೬. ಭಾರತದಲ್ಲಿ ಸೈನ್ಯದಿಂದ ಕೊಂಡ ವಾಹನವನ್ನು ನೋಂದಾಯಿಸಲು ಸಂಬಂಧಪಟ್ಟ ಅಧಿಕಾರಿಗಳು ಕೊಡುವ ೨೧ನೆಯ ನಮೂನೆಯ ಮೂಲ ಮಾರಾಟಪತ್ರವು ಅಗತ್ಯ. ಹಣ ಕಟ್ಟುವ ಮೊದಲೇ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗುವುದೇ ಎಂದು ಕೇಳಿ ತಿಳಿಯುವುದು ಕ್ಷೇಮ.

ಕೆಲಸವೆಷ್ಟು ಎಂಬ ಲೆಕ್ಕ

ಮೇಲೆ ೨೧ ಮೀಟರು ಚೌಕ, ತಳದಲ್ಲಿ ೧೫ ಮೀಟರು ಚೌಕ, ೩ ಮೀಟರು ಆಳದ ಕೃಷಿ ಹೊಂಡವೊಂದರಿಂದ ತೆಗೆಯಬೇಕಾದ ಮಣ್ಣು ೯೮೧ ಘನಮೀಟರು. ಅಗೆದ ಮಣ್ಣು ಕಾಲುಭಾಗ ಉಬ್ಬುವುದೆಂದು ಎಣಿಸಿದರೆ ಸುಮಾರು ೧,೨೨೫ ಘನಮೀಟರು. ಬಕೆಟ್ಟು ೦.೨ ಘನಮೀಟರು ಹಿಡಿದು, ನಿಮಿಷಕ್ಕೆ ಎರಡು ಬಾರಿ ಅಗೆದು ಸುರಿದರೆ, ಎಲ್ಲ ಮುಗಿಯಲು ೫೧ ಗಂಟೆ ಸಾಕು. ಹೊಂಡವಾದ ಮೇಲೆ ಬದು, ಕಾಲುವೆ, ಗೊಬ್ಬರದ ಗುಂಡಿ ಎಲ್ಲ ಸೇರಿ ಮತ್ತೆ ೫೦ ಗಂಟೆಯೆನ್ನೋಣ. ಅಲ್ಲಿಗೆ ಒಬ್ಬ ಜಮೀನುದಾರನಿಗೆ ವರ್ಷಕ್ಕೆ ನೂರು ಗಂಟೆಯ ಕೆಲಸವಾಯಿತು.

ಬಡ್ಡಿ, ವಿಮೆ, ಟೈರು, ರಿಪೇರಿ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಬೀಳುವುದೆಂದು ಭಾವಿಸಿದರೆ, ನೂರು ಗಂಟೆ ಓಡಿಸುವವನಿಗೆ ಡೀಸೆಲ್ಲೂ ಚಾಲಕನ ಕೂಲಿಯೂ ಬಿಟ್ಟು ಗಂಟೆಗೆ ೧,೫೦೦ ರೂಪಾಯಿ ತಗಲಿತು. ಐದುನೂರು ಗಂಟೆ ಓಡಿಸುವವನಿಗೆ ೩೦೦ ರೂಪಾಯಿ ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನಿಟ್ಟು ಈ ಲೆಕ್ಕವನ್ನು ಹಾಕಿ, ಊರಿನ ಬಾಡಿಗೆಯ ದರದೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಒಬ್ಬನಿಗೆ ಭಾರವಾದುದು ಹತ್ತು ಮನೆಗಳವರು ಕೂಡಿ ಕೊಂಡರೆ ಹಗುರವಾದೀತು. ಆದರೆ ಸರದಿ, ರಿಪೇರಿಯ ಪಾಲು, ಹೊಣೆ ಇವುಗಳನ್ನು ಮೊದಲೇ ಬರೆದಿಡಬೇಕು. ಇದು ಊರಿನ ಮುಖಂಡರು ಮುಂದೆ ನಿಂತು ಮಾಡತಕ್ಕ ಕಾರ್ಯ.

ಉಪಯೋಗದಲ್ಲಿ ಎಚ್ಚರಿಕೆ

ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿನಷ್ಟು ತೂಗುತ್ತದೆ. ನೆಟ್ಟಗೆ ಅಗೆದ ಕಾಲುವೆಯ ಗೋಡೆ ಕುಸಿದರೆ ಒಳಗಿರುವವನು ಎದೆಯವರೆಗೆ ಹೂತರೂ ಉಸಿರಾಡಲಾರನು. ಐದು ಅಡಿಗಿಂತ ಆಳವಾದ ಕಾಲುವೆಯಲ್ಲಿ ಗೋಡೆಯನ್ನು ಇಳಿಜಾರಾಗಿ ಕಡಿಯದೆ, ಇಲ್ಲವೆ ಆಧಾರ ಕೊಡದೆ ಯಾರನ್ನೂ ಇಳಿಸಕೂಡದು. ತೆಗೆದ ಮಣ್ಣನ್ನು ಅಂಚಿನಿಂದ ಎರಡು ಅಡಿಯಾದರೂ ದೂರಕ್ಕೆ ಹಾಕಬೇಕು. ತೋಳು ತಿರುಗುವ ಸುತ್ತಳತೆಯೊಳಗೆ ಮಕ್ಕಳನ್ನೂ ದನಕರುಗಳನ್ನೂ ಬಿಡಬಾರದು. ತೋಳನ್ನೆತ್ತುವ ಮೊದಲು ಮೇಲೆ ವಿದ್ಯುತ್ ತಂತಿಯಿದೆಯೇ ಎಂದು ನೋಡಬೇಕು. ಕೊಳವೆಯ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೋಗುತ್ತದೆ. ಸೋರುವುದನ್ನು ಕೈಯಿಂದ ತಡವಿ ನೋಡದೆ ರಟ್ಟಿನ ತುಂಡಿನಿಂದ ಕಂಡುಹಿಡಿಯಬೇಕು. ಎಣ್ಣೆ ಚರ್ಮದೊಳಕ್ಕೆ ಹೋದರೆ ಗಾಯ ಚಿಕ್ಕದೆಂದು ತಿಳಿಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಭೂಮಿಗೂ ಅಪಾಯವುಂಟು. ಹಸಿ ನೆಲದ ಮೇಲೆ ಏಳು ಟನ್ನಿನ ಯಂತ್ರವು ಓಡಾಡಿದರೆ ಮಣ್ಣು ಗಟ್ಟಿಯಾಗಿ ನೀರೂ ಬೇರೂ ಇಳಿಯವು. ಅಗೆಯುವಾಗ ಫಲವತ್ತಾದ ಮೇಲ್ಮಣ್ಣನ್ನು ಮೊದಲು ತೆಗೆದು ಬೇರೆ ರಾಶಿ ಹಾಕಿ, ಕೆಲಸ ಮುಗಿದ ಮೇಲೆ ಅದನ್ನೇ ಮೇಲೆ ಹರಡತಕ್ಕದ್ದು. ತಳದ ಮಣ್ಣನ್ನು ಹೊಲದ ಮೇಲೆ ಚೆಲ್ಲಿದವನು ಕೆಲವು ವರ್ಷಗಳ ಬೆಳೆಯನ್ನೇ ಚೆಲ್ಲಿದಂತೆ.

ಯುದ್ಧದಲ್ಲಿ ಮಿಕ್ಕ ಯಂತ್ರಗಳಿಂದ ಬೇಸಾಯಕ್ಕೆ ಉಪಕಾರವಾಗದೆ ಇಲ್ಲ. ೧೯೪೭ರಲ್ಲಿ ಭಾರತ ಸರ್ಕಾರದ ಕೇಂದ್ರ ಟ್ರಾಕ್ಟರ್ ಸಂಸ್ಥೆಯು ಅಮೆರಿಕದ ಸೈನ್ಯವು ಬಿಟ್ಟುಹೋದ ಟ್ರಾಕ್ಟರುಗಳಿಂದಲೇ ಕಾಸ್ ಎಂಬ ಕಳೆಹುಲ್ಲು ಬೆಳೆದ ಭೂಮಿಯನ್ನು ಹಸನುಮಾಡತೊಡಗಿತು. ಆದರೆ ಆ ಕಾರ್ಯವನ್ನು ವಿಸ್ತರಿಸಲು ೧೯೪೯ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲ ಪಡೆದು ಹೊಸ ಯಂತ್ರಗಳನ್ನು ತರಬೇಕಾಯಿತು. ಹಳೆಯ ಯಂತ್ರವು ಕೆಲಸವನ್ನು ಆರಂಭಿಸಿಕೊಡಬಲ್ಲದು. ಅದನ್ನು ನಡೆಸಿಕೊಂಡು ಹೋಗುವುದಕ್ಕೆ ಸಾಕಷ್ಟು ಕೆಲಸ, ಬಲ್ಲ ಕೈ, ದೊರೆಯುವ ಬಿಡಿಭಾಗ ಈ ಮೂರೂ ಬೇಕು. ಮೂರೂ ಉಳ್ಳವರು ಧೈರ್ಯವಾಗಿ ಕೊಳ್ಳಬಹುದು. ಒಂದು ಇಲ್ಲದಿದ್ದರೂ ಗಂಟೆಯ ಬಾಡಿಗೆಗೆ ತರಿಸಿ ಕೆಲಸ ಮುಗಿಸಿಕೊಳ್ಳುವುದೇ ಲೇಸು.