ಅಂಗಳದ ರೈಲಿಗೆ ಗಾಳಿಯಲ್ಲಿ ಅಪ್ಪಣೆ

ಮಕ್ಕಳೇ, ಆಟಿಕೆ ರೈಲು ಓಡಬೇಕಾದರೆ ಅದಕ್ಕೆ ಎರಡು ಬೇಕು. ಒಂದು ಶಕ್ತಿ, ಇನ್ನೊಂದು ಅಪ್ಪಣೆ. ಶಕ್ತಿ ಇಲ್ಲದಿದ್ದರೆ ಚಕ್ರ ತಿರುಗದು. ಅಪ್ಪಣೆ ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಕ್ಕೆ ಬರಬೇಕು ಎಂಬುದು ರೈಲಿಗೆ ತಿಳಿಯದು. ಇವೆರಡೂ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಆಟಿಕೆ ರೈಲು ನೂರು ವರ್ಷಕ್ಕೂ ಹೆಚ್ಚು ದೂರ ಬಂದಿದೆ. ಕೋಣೆಯ ಮೂಲೆಯಲ್ಲಿದ್ದ ರೈಲು ಅಂಗಳಕ್ಕಿಳಿದು, ಹೂಗಿಡಗಳ ನಡುವೆ ಕೂಗು ಹಾಕುತ್ತ ಓಡಿದ ಕಥೆ ಇದು.

ಕೀಲಿ ಕೊಡುವ ಕಾಲ

ಹಿಂದಿನ ಎಷ್ಟೋ ಆಟಿಕೆ ರೈಲುಗಳ ಶಕ್ತಿ ಅವುಗಳ ಹೊಟ್ಟೆಯೊಳಗಿನ ಸ್ಪ್ರಿಂಗ್‌ನಲ್ಲಿತ್ತು. ಅಜ್ಜನ ಕಾಲದ ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಟ್ಟು ಬಿಟ್ಟರೆ ಸಾಕು, ಕೀಲಿ ಮುಗಿಯುವವರೆಗೆ ಓಟ. ನಡುವೆ ಅಪ್ಪಣೆ ಕೊಡುವ ಮಾತೇ ಇಲ್ಲ.

ಜರ್ಮನಿಯ ಮಾರ್ಕ್ಲಿನ್ ಕಂಪನಿ 1859ರಲ್ಲಿ ಶುರುವಾದಾಗ ಗೊಂಬೆಮನೆಯ ಪುಟ್ಟ ಅಡುಗೆ ಸಾಮಾನು ಮಾಡುತ್ತಿತ್ತು. 1891ರಲ್ಲಿ ಅದು ಲೈಪ್‌ಜಿಗ್ ನಗರದ ಮೇಳಕ್ಕೆ ಕೀಲಿ ಕೊಡುವ ರೈಲನ್ನು ತಂದಿತು. ಜೊತೆಗೆ ಇನ್ನೊಂದು ಜಾಣತನ ಮಾಡಿತು. ಹಳಿಗಳ ಅಗಲಕ್ಕೆ ನಂಬರು ಕೊಟ್ಟು ಅಳತೆ ಗೊತ್ತುಮಾಡಿತು. ಇದರಿಂದ ಇವತ್ತು ಒಂದು ಎಂಜಿನ್, ಮುಂದಿನ ಹಬ್ಬಕ್ಕೆ ಎರಡು ಬೋಗಿ, ಅದರ ಮುಂದಿನ ಹಬ್ಬಕ್ಕೆ ಇನ್ನಷ್ಟು ಹಳಿ ಎಂದು ಸೇರಿಸುತ್ತ ಹೋಗಬಹುದಾಯಿತು. ಆ ಪಟ್ಟಿಯ ಒಂದನೇ ನಂಬರಿನ ಹಳಿ ಈಗ 45 ಮಿಲಿಮೀಟರ್ ಅಗಲಕ್ಕೆ ನಿಂತಿದೆ. ಈ 45 ಎಂಬ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಳಿಯೊಳಗೆ ಹರಿದ ವಿದ್ಯುತ್ತು

ಆಮೇಲೆ ಬಂದದ್ದು ವಿದ್ಯುತ್ ರೈಲು. ಅಮೆರಿಕದ ನ್ಯೂಯಾರ್ಕ್‌ನಲ್ಲಿ ಜೋಶುವಾ ಲಯನೆಲ್ ಕೋವೆನ್ ಎಂಬವರು 1900ರಲ್ಲಿ ಲಯನೆಲ್ ಕಂಪನಿ ಕಟ್ಟಿದರು. ಅವರ ಮೊದಲ ವಿದ್ಯುತ್ ಗಾಡಿ ಅಂಗಡಿಯ ಗಾಜಿನ ಕಿಟಕಿಯಲ್ಲಿಟ್ಟು ಗಿರಾಕಿಗಳನ್ನು ಸೆಳೆಯುವುದಕ್ಕಾಗಿ ಮಾಡಿದ್ದು. ಬಂದವರು ಅಂಗಡಿಯ ಸಾಮಾನು ಬಿಟ್ಟು ಆ ಗಾಡಿಯೇ ಬೇಕು ಎಂದರಂತೆ!

ವಿದ್ಯುತ್ ರೈಲಿನಲ್ಲಿ ಶಕ್ತಿ ಮತ್ತು ಅಪ್ಪಣೆ ಎರಡೂ ಹಳಿಯಿಂದಲೇ ಬರುತ್ತಿದ್ದವು. ಹಳಿಗೆ ಹೆಚ್ಚು ವಿದ್ಯುತ್ ಬಿಟ್ಟರೆ ಜೋರು ಓಟ, ಕಡಿಮೆ ಮಾಡಿದರೆ ನಿಧಾನ. ಆದರೆ ಒಂದು ತೊಡಕು. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇದ್ದರೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವುದು ಸುಲಭವಾಗಿರಲಿಲ್ಲ.

ಗಂಟೆ ಬಾರಿಸಿದ ಬೋಸ್, ದೋಣಿ ನಡೆಸಿದ ಟೆಸ್ಲಾ

ತಂತಿಯಿಲ್ಲದೆ ದೂರದಿಂದ ಅಪ್ಪಣೆ ಕೊಡುವ ವಿದ್ಯೆ ಅಷ್ಟರಲ್ಲಿ ಹುಟ್ಟಿತ್ತು. 1890ರ ದಶಕದಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತದಲ್ಲಿ ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಗೋಡೆ ದಾಟಿಸಿ ಗಂಟೆ ಬಾರಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್‌ನಲ್ಲಿ ನೀರಿನ ತೊಟ್ಟಿಯಲ್ಲಿದ್ದ ಪುಟ್ಟ ದೋಣಿಯನ್ನು ದೂರದಲ್ಲಿ ನಿಂತೇ ತಿರುಗಿಸಿದರು. ನೋಡಿದವರಲ್ಲಿ ಕೆಲವರು ಇದು ಇಂದ್ರಜಾಲವೇ ಇರಬೇಕೆಂದುಕೊಂಡರು.

ಈ ವಿದ್ಯೆಯನ್ನು ಆಟಿಕೆ ರೈಲಿಗೆ ತರುವ ದೊಡ್ಡ ಪ್ರಯತ್ನವೊಂದನ್ನು 1946ರಲ್ಲಿ ಲಯನೆಲ್ ಕಂಪನಿಯೇ ಮಾಡಿತು. ಅದರಲ್ಲಿ ಗುಂಡಿಗಳ ಪೆಟ್ಟಿಗೆಯೊಂದಿತ್ತು. ಒಂದೊಂದು ಗುಂಡಿ ಒತ್ತಿದಾಗಲೂ ಒಂದೊಂದು ಬಗೆಯ ರೇಡಿಯೋ ಸಂಕೇತ ಹೊರಡುತ್ತಿತ್ತು. ಬೋಗಿಯೊಳಗಿನ ಪುಟ್ಟ ಯಂತ್ರ ತನ್ನ ಸಂಕೇತವನ್ನು ಗುರುತಿಸಿ, ಕೊಂಡಿ ಕಳಚುವುದೇ ಮುಂತಾದ ಕೆಲಸ ಮಾಡುತ್ತಿತ್ತು. ಆದರೆ ಆ ಸಂಕೇತವೂ ಹಳಿಯ ಮೂಲಕವೇ ಸಾಗಬೇಕಿತ್ತು. ಬೆಲೆಯೂ ದುಬಾರಿ. ಕೆಲವೇ ವರ್ಷಗಳಲ್ಲಿ ಅದರ ಮಾರಾಟ ನಿಂತುಹೋಯಿತು.

ಅಂಗಳಕ್ಕೆ ಇಳಿದ ದೊಡ್ಡ ರೈಲು

ಆಟಿಕೆ ರೈಲುಗಳು ಬರಬರುತ್ತ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾಗುತ್ತಿದ್ದ ಕಾಲದಲ್ಲಿ ಜರ್ಮನಿಯ ಲೇಮನ್ ಕಂಪನಿ ತದ್ವಿರುದ್ಧ ದಾರಿ ಹಿಡಿಯಿತು. 1881ರಲ್ಲಿ ಶುರುವಾದ ಈ ಹಳೆಯ ಆಟಿಕೆ ಕಂಪನಿ ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ನಗರದಲ್ಲಿ ಹೊಸದಾಗಿ ಬೇರೂರಿತ್ತು. 1968ರಲ್ಲಿ ಅದು ಎಲ್‌ಜಿಬಿ ಎಂಬ ಹೆಸರಿನಲ್ಲಿ ದೊಡ್ಡ ರೈಲನ್ನು ಹೊರತಂದಿತು. ಆ ಮೂರಕ್ಷರದ ಜರ್ಮನ್ ಹೆಸರಿನ ಅರ್ಥ ‘ಲೇಮನ್ನರ ದೊಡ್ಡ ರೈಲು’. ಮಳೆ, ಹಿಮ, ಬಿಸಿಲು ಯಾವುದಕ್ಕೂ ಅಂಜದೆ ಹೊರಗೆ ಓಡುವಂತೆ ಅದನ್ನು ಕಟ್ಟಿದ್ದರು.

ಎಷ್ಟು ದೊಡ್ಡದು? ನಿಜವಾದ ರೈಲಿನ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು. 180 ಸೆಂಟಿಮೀಟರ್ ಎತ್ತರದ ಡ್ರೈವರ್ ಈ ರೈಲಿನಲ್ಲಿ 8 ಸೆಂಟಿಮೀಟರ್ ಗೊಂಬೆಯಾಗುತ್ತಾನೆ. ಈಗ ಆ 45ಕ್ಕೆ ಬನ್ನಿ. ಎಲ್‌ಜಿಬಿ ಹಳಿಯ ಅಗಲವೂ 45 ಮಿಲಿಮೀಟರ್. ಅದನ್ನು 22.5ರಿಂದ ಗುಣಿಸಿ ನೋಡಿ: 1012.5 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಮೀಟರ್! ಅಂದರೆ ಇದು ಮೀಟರ್ ಗೇಜ್ ರೈಲಿನ ತದ್ರೂಪು.

ಒಂದು ತಮಾಷೆಯೂ ಉಂಟು. ಎಲ್‌ಜಿಬಿಯ ಮೊದಲ ಎಂಜಿನ್ನಿಗೆ ಮಾದರಿಯಾದದ್ದು ಆಸ್ಟ್ರಿಯಾ ದೇಶದ ‘ಸ್ಟೈನ್ಸ್’ ಎಂಬ ಪುಟ್ಟ ಉಗಿ ಎಂಜಿನ್. ಅದು ನಿಜವಾಗಿ ಓಡುತ್ತಿದ್ದುದು 760 ಮಿಲಿಮೀಟರ್ ಹಳಿಯ ಮೇಲೆ. ಲೆಕ್ಕದ ಪ್ರಕಾರ ಆಟಿಕೆಯ ಹಳಿ ಸುಮಾರು 34 ಮಿಲಿಮೀಟರ್ ಇರಬೇಕಿತ್ತು. ಎಲ್ಲ ಎಂಜಿನ್ನುಗಳೂ ಒಂದೇ ಹಳಿಯ ಮೇಲೆ ಓಡಲಿ ಎಂದು ಲೆಕ್ಕವನ್ನು ಸ್ವಲ್ಪ ಸಡಿಲ ಬಿಟ್ಟರು.

ಹಳಿಯ ಹಂಗು ತಪ್ಪಿತು

ಅಂಗಳಕ್ಕೆ ಇಳಿದ ಮೇಲೆ ಹೊಸ ಕಷ್ಟ ಎದುರಾಯಿತು. ಹಿತ್ತಾಳೆಯ ಹಳಿ ಗಾಳಿ ಮಳೆಗೆ ಕಪ್ಪಾಗುತ್ತದೆ. ಮಣ್ಣು ಮೆತ್ತಿಕೊಳ್ಳುತ್ತದೆ, ತರಗೆಲೆ ಬೀಳುತ್ತದೆ. ಕೊಳೆ ಅಡ್ಡ ಬಂದರೆ ಹಳಿಯ ವಿದ್ಯುತ್ ಚಕ್ರಕ್ಕೆ ತಲುಪದು, ರೈಲು ನಿಂತೇಬಿಡುತ್ತದೆ. ರೈಲು ಓಡಿಸುವ ಮೊದಲು ಕುಕ್ಕರಗಾಲಲ್ಲಿ ಕೂತು ಉದ್ದಕ್ಕೂ ಹಳಿ ತಿಕ್ಕುವ ಕೆಲಸ!

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯವೆಂದರೆ ಶಕ್ತಿಯನ್ನೂ ಅಪ್ಪಣೆಯನ್ನೂ ಹಳಿಯಿಂದ ಬಿಡಿಸುವುದು. ಶಕ್ತಿಗೆ ಬ್ಯಾಟರಿ, ಅಪ್ಪಣೆಗೆ ರೇಡಿಯೋ. ಎಂಜಿನ್ ದೊಡ್ಡದಾಗಿದ್ದುದರಿಂದ ಇವೆರಡಕ್ಕೂ ಒಳಗೆ ಜಾಗವಿತ್ತು. ಸಾಲದಿದ್ದರೆ ಹಿಂದಿನ ಬೋಗಿಯಲ್ಲಿ ಬ್ಯಾಟರಿ ಇಟ್ಟರಾಯಿತು. ಕೈಯಲ್ಲಿರುವ ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ರೇಡಿಯೋ ಅಲೆ ಹೊರಡುತ್ತದೆ. ರೈಲಿನೊಳಗಿನ ರಿಸೀವರ್ ಅದನ್ನು ಹಿಡಿದು, ಮೋಟರಿಗೆ ಎಷ್ಟು ವಿದ್ಯುತ್ ಬಿಡಬೇಕೆಂದು ತಿಳಿಸುತ್ತದೆ. ಹಳಿಗೆ ಉಳಿದ ಕೆಲಸ ದಾರಿ ತೋರಿಸುವುದೊಂದೇ.

ಮೊದಲ ದಿನಗಳಲ್ಲಿ ಇಲ್ಲೂ ಪಜೀತಿಯಿತ್ತು. ಇಬ್ಬರು ಒಂದೇ ತರಂಗಾಂತರ ಇಟ್ಟುಕೊಂಡರೆ ನೀವು ತಿರುಗಿಸಿದ ಗುಂಡಿಗೆ ಪಕ್ಕದವರ ರೈಲು ಹೊರಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಉಪಕರಣಗಳಲ್ಲಿ ಪೆಟ್ಟಿಗೆಗೂ ರಿಸೀವರ್‌ಗೂ ಮೊದಲೇ ನಂಟು ಬೆಸೆದಿರುತ್ತಾರೆ. ಎಷ್ಟು ರೈಲುಗಳಿದ್ದರೂ ಪ್ರತಿಯೊಂದೂ ತನ್ನ ಯಜಮಾನನ ಮಾತನ್ನಷ್ಟೇ ಕೇಳುತ್ತದೆ.

ಉಗಿ ಎಂಜಿನ್‌ಗೂ ರೇಡಿಯೋ ಬಂದಿದೆ. ಇಂಗ್ಲೆಂಡಿನ ರೌಂಡ್‌ಹೌಸ್ ಮುಂತಾದ ಕಂಪನಿಗಳು ನಿಜವಾಗಿ ನೀರು ಕುದಿಸಿ, ಉಗಿಯಿಂದಲೇ ಓಡುವ ಪುಟ್ಟ ಎಂಜಿನ್ ಮಾಡುತ್ತವೆ. ಇವುಗಳಲ್ಲಿ ರೇಡಿಯೋ ಅಪ್ಪಣೆ ಬಂದೊಡನೆ ಸರ್ವೋ ಎಂಬ ಸಣ್ಣ ಮೋಟರು ಉಗಿಯ ತಿರುಪನ್ನು ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ. ಬೆಂಕಿ, ಬಿಸಿನೀರಿನ ವ್ಯವಹಾರವಾದ್ದರಿಂದ ಇದು ದೊಡ್ಡವರು ಜೊತೆಗಿದ್ದು ಆಡುವ ಆಟ.

ಹೋದ ರೈಲು, ಉಳಿದ ರೈಲು

ದೊಡ್ಡ ರೈಲು ತಂದ ಲೇಮನ್ ಕಂಪನಿ 2006ರಲ್ಲಿ ದಿವಾಳಿಯೆದ್ದಿತು. ಮರುವರ್ಷ ಎಲ್‌ಜಿಬಿಯನ್ನು ಕೊಂಡು ಉಳಿಸಿದ್ದು ಯಾರು ಗೊತ್ತೇ? 1891ರಲ್ಲಿ ಹಳಿಗೆ ನಂಬರು ಕೊಟ್ಟ ಅದೇ ಮಾರ್ಕ್ಲಿನ್.

ಇನ್ನು ನಿಜವಾದ ಮೀಟರ್ ಗೇಜ್ ರೈಲಿನ ವಿಷಯವನ್ನು ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಬೇಕು. ಬೆಂಗಳೂರು–ಮೈಸೂರು ನಡುವೆ ಅವರ ಪ್ರಾಯದಲ್ಲಿ ಓಡುತ್ತಿದ್ದುದು ಅದೇ. ಚಿಕ್ಕಬಳ್ಳಾಪುರದ ಕಡೆ ಇನ್ನೂ ಚಿಕ್ಕದು, 762 ಮಿಲಿಮೀಟರಿನದು, ಬಹುಮಟ್ಟಿಗೆ ಆಸ್ಟ್ರಿಯಾದ ಸ್ಟೈನ್ಸ್ ಓಡಿದಷ್ಟೇ ಅಗಲದ ಹಳಿ. ಈಗ ಆ ಜಾಗದಲ್ಲೆಲ್ಲ 1676 ಮಿಲಿಮೀಟರಿನ ಬ್ರಾಡ್ ಗೇಜ್ ಬಂದಿದೆ. ಪ್ರಯಾಣ ಬೇಗ ಮುಗಿಯುತ್ತದೆ, ಹೆಚ್ಚು ಜನ ಹಿಡಿಸುತ್ತಾರೆ. ಹಳೆಯ ಗಾಡಿಯ ಕುಲುಕಾಟ, ಕಿಟಕಿಯಿಂದ ಕಣ್ಣಿಗೆ ಬೀಳುತ್ತಿದ್ದ ಕರಿಪುಡಿ ಅವರ ನೆನಪಿನಲ್ಲಷ್ಟೇ ಇವೆ. ನಿಜವಾದ ಹಳಿ ಕಿತ್ತ ಮೇಲೂ ಅದೇ ಅಳತೆಯ ರೈಲು ಯಾವುದೋ ದೇಶದ ಅಂಗಳದಲ್ಲಿ ಓಡುತ್ತಿದೆ.

ಈ ರೈಲು ಕೊಳ್ಳುವುದು ದುಬಾರಿಯಾದರೂ ಅದರ ಲೆಕ್ಕಕ್ಕೆ ಖರ್ಚಿಲ್ಲ. ಒಂದು ಟೇಪು ತನ್ನಿ, ಅಜ್ಜನ ಎತ್ತರ ಅಳೆಯಿರಿ, 22.5ರಿಂದ ಭಾಗಿಸಿ ಅಷ್ಟೇ ಎತ್ತರದ ರಟ್ಟಿನ ಗೊಂಬೆ ಕತ್ತರಿಸಿ. ಬೋಗಿ ಎಷ್ಟು ಉದ್ದವಿತ್ತು, ಸೀಟು ಹೇಗಿತ್ತು ಎಂದು ಅವರನ್ನೇ ಕೇಳಿ ರಟ್ಟಿನಲ್ಲಿ ಒಂದು ಗಾಡಿ ಮಾಡಿ. ಅದಕ್ಕೆ ಬ್ಯಾಟರಿಯೂ ಬೇಡ, ರೇಡಿಯೋವೂ ಬೇಡ. ಅಜ್ಜ ಕಥೆ ಶುರುಮಾಡಿದರೆ ಸಾಕು, ತಾನೇ ಹೊರಡುತ್ತದೆ.