ದೊಡ್ಡ ನೆಗೆಟಿವ್, ಸಣ್ಣ ಕಣ

ಹಳೆಯ ಮನೆಗಳ ಟ್ರಂಕುಗಳಲ್ಲಿ ಒಂದು ಜಾತಿಯ ಫೋಟೋ ಸಿಗುತ್ತದೆ. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು, ಚೌಕಾಕಾರದ್ದು, ಸುತ್ತ ಬಿಳಿ ಅಂಚು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3ರಂಥ ಡಬ್ಬಿ ಕ್ಯಾಮೆರಾದಲ್ಲಿ ತೆಗೆದದ್ದು. ಅದಕ್ಕಿದ್ದದ್ದು ಒಂಟಿ ಗಾಜಿನ ಸಾದಾ ಲೆನ್ಸು, ಫೋಕಸ್ ಮಾಡುವ ಗೊಡವೆಯೇ ಇರಲಿಲ್ಲ. ಆದರೂ ಆ ಪುಟ್ಟ ಚೌಕದೊಳಗೆ ಅಜ್ಜಿಯ ಸೀರೆಯ ಚೌಕುಳಿ, ಜಗಲಿಯ ಕಂಬದ ಬಿರುಕು, ಮಗುವಿನ ಕೆನ್ನೆಯ ಮೇಲೆ ನಯವಾಗಿ ಇಳಿದ ಬೆಳಕು ಎಲ್ಲವೂ ಇರುತ್ತದೆ. ಮುಂದಿನ ತಲೆಮಾರಿನವರು ಅದಕ್ಕಿಂತ ಎಷ್ಟೋ ಒಳ್ಳೆಯ ಲೆನ್ಸಿನ 35 ಎಂಎಂ ಕ್ಯಾಮೆರಾದಲ್ಲಿ ತೆಗೆದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ಕೆನ್ನೆಗೆ ಸಣ್ಣ ಮರಳು ಎರಚಿದಂತೆ ಕಾಣುವುದುಂಟು. ಇದರ ಗುಟ್ಟು ಲೆನ್ಸಿನಲ್ಲಿಲ್ಲ. ಚಿಕ್ಕ ಫೋಟೋವನ್ನು ಆರು ಸೆಂಟಿಮೀಟರ್ ಅಗಲದ ನೆಗೆಟಿವನ್ನು ಕಾಗದಕ್ಕೆ ಒತ್ತಿಹಿಡಿದು, ಇದ್ದಷ್ಟೇ ಅಳತೆಯಲ್ಲಿ ಅಚ್ಚುಮಾಡಿರುತ್ತಾರೆ. ಅಲ್ಲಿ ಹಿಗ್ಗಿಸಿದ್ದು ಏನೂ ಇಲ್ಲ. ಕಪ್ಪುಬಿಳುಪು ಫಿಲ್ಮಿನ ಚಿತ್ರ ಕೆಡುವುದು ಬಹುಪಾಲು ಹಿಗ್ಗಿಸುವಾಗಲೇ.

ಮೀಡಿಯಂ ಫಾರ್ಮ್ಯಾಟ್ ಎಂದು ಕರೆಯುವ ಕ್ಯಾಮೆರಾಗಳಲ್ಲಿ ಸಣ್ಣ ಕಣದ, ಅಂದರೆ ನಿಧಾನವಾದ ಫಿಲ್ಮ್ ಹಾಕಿ ಚಿತ್ರ ತೆಗೆಯುವವರು ಈಗಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಅವರು ಹೀಗೆ ಯಾಕೆ ಮಾಡುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಚಿತ್ರ ಹರಿತವಾಗಿ ಬರುತ್ತದೆ ಎನ್ನುವುದು ಒಂದು. ಒಂದು ರೋಲಿಗೆ ಹನ್ನೆರಡೇ ಚಿತ್ರ ಇರುವುದರಿಂದ ಯೋಚಿಸಿ ತೆಗೆಯುತ್ತೇವೆ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಇಷ್ಟು ಕಷ್ಟಪಡುವುದಕ್ಕೆ ಅವು ಸಾಲುವ ಕಾರಣಗಳಲ್ಲ ಎಂಬುದು ನನ್ನ ವಾದ. ದೊಡ್ಡ ನೆಗೆಟಿವ್ ಮತ್ತು ಸಣ್ಣ ಕಣ ಒಟ್ಟುಗೂಡಿದಾಗ ಸಿಗುವ ನಿಜವಾದ ಲಾಭ ಬೂದುಬಣ್ಣದ್ದು. ಬಿಳಿಯಿಂದ ಕಪ್ಪಿನವರೆಗೆ ಬೆಳಕು ಎಲ್ಲೂ ತುಂಡಾಗದೆ ಇಳಿದುಬರುವ ಆ ನಯ ಬೇಕಿದ್ದರೆ ಈ ದಾರಿ ಹಿಡಿಯಬೇಕು, ಬೇಡದಿದ್ದರೆ ಹಿಡಿಯಬೇಕಾಗಿಲ್ಲ.

ಮೊದಲು ಅಳತೆ ನೋಡೋಣ. ಈ ಕ್ಯಾಮೆರಾಗಳಿಗೆ ಹಾಕುವ ರೋಲಿಗೆ 120 ಎಂದು ಹೆಸರು. ಅದು ಮಿಲಿಮೀಟರ್ ಲೆಕ್ಕವಲ್ಲ, 1901ರಲ್ಲಿ ಕೊಡಕ್ ತನ್ನ ಬ್ರೌನಿ ಡಬ್ಬಿ ಕ್ಯಾಮೆರಾಕ್ಕಾಗಿ ಹೊರತಂದಾಗಿನಿಂದ ಬಂದ ಬರೀ ಗುರುತಿನ ಸಂಖ್ಯೆ. ಫಿಲ್ಮಿನ ಬೆನ್ನಿಗೆ ಕಪ್ಪು ಕಾಗದ ಇಟ್ಟು ಎರಡನ್ನೂ ಒಟ್ಟಿಗೆ ಸುರುಳಿ ಸುತ್ತಿರುತ್ತಾರೆ. ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದೊಳಗಿನ ಚುಕ್ಕಿಗೆ ಎದುರಾಗುವ ತನಕ ತಿರುಗಿಸಿ ಬಾಗಿಲು ಮುಚ್ಚಬೇಕು. ಹನ್ನೆರಡು ಚಿತ್ರ ಮುಗಿದ ಮೇಲೆ ಸುರುಳಿಯ ತುದಿಯ ಅಂಟುಪಟ್ಟಿಯನ್ನು ನಾಲಿಗೆಗೆ ಸೋಕಿಸಿ ಒತ್ತಿದರೆ ರೋಲ್ ಭದ್ರ. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹುಟ್ಟಿದ ಎರಡು ಕಣ್ಣಿನ ರೋಲೈಫ್ಲೆಕ್ಸ್ ಬಗೆಯ ಕ್ಯಾಮೆರಾಗಳಲ್ಲೂ 1948ರಲ್ಲಿ ಬಂದ ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್‌ನಲ್ಲೂ ಚಿತ್ರದ ಅಳತೆ ಸುಮಾರು 56 ಎಂಎಂ ಚೌಕ. 35 ಎಂಎಂ ಫಿಲ್ಮಿನ ಚಿತ್ರ 24ಕ್ಕೆ 36. ವಿಸ್ತೀರ್ಣ ಲೆಕ್ಕ ಹಾಕಿದರೆ ಚೌಕ ಮೂರೂವರೆ ಪಟ್ಟಿಗಿಂತ ದೊಡ್ಡದು. ನಮ್ಮ ಊರುಗಳ ಸ್ಟುಡಿಯೋದವರು ಮದುವಣಗಿತ್ತಿಯ ಮುಖದ ಕಲೆಯನ್ನು ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದುತ್ತಿದ್ದದ್ದು ಈ ಅಗಲದ ಬಲದಿಂದಲೇ. 35 ಎಂಎಂ ನೆಗೆಟಿವಿನಲ್ಲಿ ಅದೇ ಮುಖ ಪೆನ್ಸಿಲಿನ ಮೊನೆಗೆ ಸಿಗದಷ್ಟು ಚಿಕ್ಕದಾಗುತ್ತದೆ.

ಇನ್ನು ಕಣದ ವಿಚಾರ. ಫಿಲ್ಮ್ ಎಂದರೆ ಜೆಲಟಿನ್ ಪದರದಲ್ಲಿ ಹುದುಗಿದ ಬೆಳ್ಳಿ ಲವಣದ ಹರಳುಗಳು. ಒಂದು ಹರಳಿನ ಮೇಲೆ ಬೆಳಕು ಬಿದ್ದು ಅಲ್ಲಿ ಬೆಳ್ಳಿಯ ನಾಲ್ಕಾರು ಪರಮಾಣುಗಳು ಒಟ್ಟುಗೂಡಿದರೆ ಸಾಕು, ಫಿಲ್ಮ್ ತೊಳೆಯುವ ದ್ರಾವಣ ಆ ಇಡೀ ಹರಳನ್ನೇ ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಹರಳು ದೊಡ್ಡದಾದಷ್ಟೂ ಬೆಳಕು ಸಿಕ್ಕಿಬೀಳುವ ಸಂಭವ ಹೆಚ್ಚು, ಹಾಗಾಗಿ ಫಿಲ್ಮಿನ ವೇಗ ಹೆಚ್ಚು. ಆದರೆ ಹರಳು ದೊಡ್ಡದಾದರೆ ಚಿತ್ರವೂ ತರಿತರಿ. ಈ ಕೊಡುಕೊಳ್ಳುವಿಕೆಯಿಂದ ಯಾವ ಕಂಪನಿಯೂ ಪೂರ್ತಿ ತಪ್ಪಿಸಿಕೊಂಡಿಲ್ಲ. 1986ರಲ್ಲಿ ಬಂದ ಕೊಡಕ್ ಟಿ-ಮ್ಯಾಕ್ಸ್, ಆಮೇಲೆ ಬಂದ ಇಲ್ಫರ್ಡ್ ಡೆಲ್ಟಾ ಫಿಲ್ಮುಗಳಲ್ಲಿ ಒಂದು ಜಾಣ ಉಪಾಯವಿದೆ. ಅಕ್ಕಿಕಾಳಿನಂಥ ಹರಳನ್ನು ಅವಲಕ್ಕಿಯಂತೆ ಚಪ್ಪಟೆ ಮಾಡಿದರು. ತೂಕ ಅಷ್ಟೇ, ಬೆಳಕಿಗೆ ಒಡ್ಡಿದ ಮುಖ ಅಗಲ. ಇದರಿಂದ ಅದೇ ವೇಗಕ್ಕೆ ಕಣ ಸಣ್ಣದಾಯಿತು. ಇಲ್ಫರ್ಡ್ ಪ್ಯಾನ್ ಎಫ್ ಪ್ಲಸ್ ಮಾತ್ರ ಹಳೆಯ ದಾರಿಯಲ್ಲೇ ಇದೆ. ಅದರ ಹರಳು ಸಣ್ಣದು, ವೇಗವೂ ಬರೀ 50.

ಕೊಡಕ್ ತನ್ನ ತಾಂತ್ರಿಕ ಹಾಳೆಗಳಲ್ಲಿ ಈ ತರಿತನಕ್ಕೆ ಒಂದು ಅಂಕಿ ಕೊಟ್ಟಿತ್ತು. 400 ವೇಗದ ಟ್ರೈ-ಎಕ್ಸ್‌ಗೆ 17, ಟಿ-ಮ್ಯಾಕ್ಸ್ 100ಕ್ಕೆ 8. ಕಾಗದದ ಮೇಲೆ ಕಾಣುವ ತರಿತನ, ನೆಗೆಟಿವನ್ನು ಎಷ್ಟು ಪಟ್ಟು ಹಿಗ್ಗಿಸಿದೆವೋ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 12 ಇಂಚು ಎತ್ತರದ ಚಿತ್ರ ಬೇಕೆಂದರೆ 35 ಎಂಎಂ ನೆಗೆಟಿವನ್ನು ಸುಮಾರು 12.7 ಪಟ್ಟು, ಚೌಕದ ನೆಗೆಟಿವನ್ನು 5.4 ಪಟ್ಟು ಹಿಗ್ಗಿಸಬೇಕು. ಗುಣಿಸಿ ನೋಡಿದರೆ 35 ಎಂಎಂನ ಟಿ-ಮ್ಯಾಕ್ಸ್ 100ಕ್ಕೆ 102 ಬರುತ್ತದೆ, ಚೌಕದ ಟ್ರೈ-ಎಕ್ಸ್‌ಗೆ 92. ಅಂದರೆ ನೆಗೆಟಿವ್ ದೊಡ್ಡದಾದದ್ದರಿಂದಲೇ ವೇಗದ ಫಿಲ್ಮು ನಿಧಾನದ ಫಿಲ್ಮಿನ ಸಮಕ್ಕೆ ಬಂದು ನಿಂತಿತು.

ಇಲ್ಲೇ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ದೊಡ್ಡ ನೆಗೆಟಿವೇ ಇಷ್ಟು ಕೆಲಸ ಮಾಡುವುದಾದರೆ ಅದರಲ್ಲೂ ಸಣ್ಣ ಕಣದ ಫಿಲ್ಮ್ ಯಾಕೆ? 400ರ ಫಿಲ್ಮ್ ಹಾಕಿ, ಕೈಯಲ್ಲೇ ಹಿಡಿದು, ನಿಶ್ಚಿಂತೆಯಿಂದ ತೆಗೆಯಬಾರದೆ? ಈ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಹತ್ತು ಇಂಚಿನ ಚಿತ್ರಕ್ಕೆ, ಜಾತ್ರೆಗೆ, ಬೀದಿಗೆ, ಓಡಾಡುವ ಮಕ್ಕಳಿಗೆ 400ರ ಫಿಲ್ಮೇ ಸರಿ. ಆದರೆ ಮೇಲಿನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಬೇಕು. ಅದೇ ಚೌಕದಲ್ಲಿ ಟಿ-ಮ್ಯಾಕ್ಸ್ 100 ಹಾಕಿದರೆ ಅಂಕಿ 43ಕ್ಕೆ ಇಳಿಯುತ್ತದೆ. ಅಲ್ಲಿ ಆಗುವ ಬದಲಾವಣೆಯನ್ನು ತರಿ ಕಡಿಮೆಯಾಯಿತು ಎಂದಷ್ಟೇ ಹೇಳಿದರೆ ಸಾಲದು. ಚಿತ್ರವನ್ನು ಕೈಯಲ್ಲಿ ಹಿಡಿದು ನೋಡುವ ದೂರದಲ್ಲಿ ಕಣ ಕಣ್ಣಿನ ಹಿಡಿತದಿಂದಲೇ ಜಾರತೊಡಗುತ್ತದೆ. ತರಿ ಕಾಣುವ ತನಕ ನಾವು ನೋಡುವುದು ಚುಕ್ಕಿಗಳ ದಟ್ಟಣೆಯನ್ನು. ಅದು ಮರೆಯಾದ ಮೇಲೆ ನೋಡುವುದು ಮೇಲ್ಮೈಯನ್ನು.

ಬೇಲೂರಿನ ಚೆನ್ನಕೇಶವ ದೇವಾಲಯದ ಒಳಗಿನ ಕಡೆದ ಕಂಬಗಳನ್ನು ನೆನೆಸಿಕೊಳ್ಳಿ. ತಿರುಗಣೆಗೆ ಹಿಡಿದಂತೆ ಸುತ್ತಲೂ ನುಣುಪಾದ ಬಳಪದ ಕಲ್ಲು. ಬಾಗಿಲಿನಿಂದ ಬಂದ ಬೆಳಕು ಕಂಬದ ಒಂದು ಮಗ್ಗುಲಿಗೆ ತಾಗಿ, ಬಳಸಿಕೊಂಡು ಹೋಗುತ್ತ ಹೋಗುತ್ತ ಕತ್ತಲಲ್ಲಿ ಕರಗುತ್ತದೆ. ಇಷ್ಟನ್ನು ತೋರಿಸುವುದಕ್ಕೆ ಬಣ್ಣ ಬೇಡ, ಹರಿತವಾದ ಗೆರೆಯೂ ಬೇಡ, ಅಲ್ಲಿ ಗೆರೆಯೇ ಇಲ್ಲ. ಬೆಳಕಿನಿಂದ ಕತ್ತಲಿಗೆ ಹೋಗುವ ಆ ಬೆರಳುದ್ದದ ಹಾದಿಯಲ್ಲಿ ಎಷ್ಟು ಬಗೆಯ ಬೂದು ಇದೆಯೋ ಅಷ್ಟೂ ಬೇಕು. ತರಿ ಇರುವ ಚಿತ್ರದಲ್ಲಿ ಒಂದು ಬೂದಿಗೂ ಪಕ್ಕದ ಬೂದಿಗೂ ಇರುವ ವ್ಯತ್ಯಾಸ ತರಿಯ ಏರಿಳಿತಕ್ಕಿಂತ ಚಿಕ್ಕದಾದರೆ ಕಣ್ಣಿಗೆ ಎರಡೂ ಒಂದೇ, ಕಂಬ ಚಪ್ಪಟೆಯಾಗುತ್ತದೆ. ತರಿ ಅಡಗಿದಾಗ ಆ ನವಿರು ವ್ಯತ್ಯಾಸ ಉಳಿಯುತ್ತದೆ, ಕಲ್ಲು ದುಂಡಗಾಗುತ್ತದೆ. ಆಗುಂಬೆಯ ಮಂಜಿಗೂ ವಯಸ್ಸಾದವರ ಮುಖಕ್ಕೂ ಮೋಡ ಮುಸುಕಿದ ಆಕಾಶಕ್ಕೂ ಇದೇ ಮಾತು.

ಇದಕ್ಕೆ ಕೊಡುವ ಬೆಲೆಯನ್ನು ಮುಚ್ಚಿಡಬಾರದು. ಬೆಲೆ ಎಂದರೆ ಮೊದಲು ಬೆಳಕಿನದು. 400ರಿಂದ 50ಕ್ಕೆ ಇಳಿದರೆ ಮೂರು ಸ್ಟಾಪ್ ಬೆಳಕು ಹೆಚ್ಚು ಬೇಕು, ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ. ಜೊತೆಗೆ ದೊಡ್ಡ ಚೌಕಕ್ಕೆ ಸಾಮಾನ್ಯ ಲೆನ್ಸ್ 80 ಎಂಎಂನದು. 35 ಎಂಎಂ ಕ್ಯಾಮೆರಾದ 50 ಎಂಎಂ ಲೆನ್ಸಿನಲ್ಲಿ ಎಫ್ 8ಕ್ಕೆ ಸಿಗುತ್ತಿದ್ದ ಹಿಂದುಮುಂದಿನ ಸ್ಪಷ್ಟತೆಗೆ ಇಲ್ಲಿ ಎಫ್ 16ರ ಹತ್ತಿರ ಹೋಗಬೇಕು. ಮತ್ತೆರಡು ಸ್ಟಾಪ್ ಹೋಯಿತು. ಒಟ್ಟು ಐದು, ಅಂದರೆ 32 ಪಟ್ಟು ಬೆಳಕು. ಅಲ್ಲಿ ಒಂದು ಸೆಕೆಂಡಿನ 250ನೇ ಒಂದು ಭಾಗಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ ಎಂಟನೇ ಒಂದು ಭಾಗ ಬೇಕು, ಅಷ್ಟು ಹೊತ್ತು ಕೈ ನಡುಗದೆ ನಿಲ್ಲುವುದಿಲ್ಲ. ಟ್ರೈಪಾಡ್ ಬರಲೇಬೇಕು. ಬೇಲೂರಿನಂಥ ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಒಳಗಿನ ಮಬ್ಬಿನಲ್ಲಿ ಎಕ್ಸ್‌ಪೋಷರ್ ಹಲವು ಸೆಕೆಂಡು ಹಿಡಿದರೆ ಫಿಲ್ಮೂ ದಣಿಯುತ್ತದೆ. ಮಂದ ಬೆಳಕು ಎಷ್ಟು ಹೊತ್ತು ಬಿದ್ದರೂ ಅದು ಪೂರ್ತಿ ಲೆಕ್ಕಕ್ಕೆ ಸೇರುವುದಿಲ್ಲ. ಮೀಟರ್ 10 ಸೆಕೆಂಡ್ ಎಂದರೆ ಇಲ್ಫರ್ಡ್ ಕೊಟ್ಟಿರುವ ಸೂತ್ರದಂತೆ ಪ್ಯಾನ್ ಎಫ್‌ಗೆ ಸುಮಾರು 21 ಸೆಕೆಂಡ್ ಕೊಡಬೇಕು. ಈ ಎಲ್ಲದರ ನಡುವೆ ಕ್ಯಾಮೆರಾ ಸ್ವಲ್ಪ ಅಲುಗಿದರೂ ಸಣ್ಣ ಕಣದ ಲಾಭವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದಲೇ ಹರಿತಕ್ಕಾಗಿ ಈ ದಾರಿ ಎಂಬ ಮಾತು ನನಗೆ ದುರ್ಬಲವಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದ 400ರ ಚಿತ್ರ ಎಷ್ಟೋ ಸಲ ಅಲುಗಿದ 50ರ ಚಿತ್ರಕ್ಕಿಂತ ಹರಿತವಾಗಿರುತ್ತದೆ.

ನಿಧಾನವೇ ಗುಣ ಎನ್ನುವವರ ಮಾತಿಗೂ ಇದೇ ಮಿತಿ ಇದೆ. ಹನ್ನೆರಡೇ ಚಿತ್ರ ಎಂಬ ಕಟ್ಟುಪಾಡು ಕಲಿಯುವವರಿಗೆ ಒಳ್ಳೆಯದೇ. ಆದರೆ ಆ ಸಂಯಮವನ್ನು ಮೊಬೈಲಿನಲ್ಲೂ ಪಾಲಿಸಬಹುದು, ಅದಕ್ಕೆ ಬೆಳ್ಳಿಯೂ ಜೆಲಟಿನ್ನೂ ಬೇಕಿಲ್ಲ. ಉಪಕರಣವೊಂದನ್ನು ಅದು ಕೊಡುವ ತೊಂದರೆಗಾಗಿ ಹೊಗಳುವುದಕ್ಕಿಂತ ಅದು ಮಾತ್ರ ಕೊಡಬಲ್ಲ ಫಲಕ್ಕಾಗಿ ಆರಿಸುವುದು ಪ್ರಾಮಾಣಿಕ.

ಹಾಗಾದರೆ ಡಿಜಿಟಲ್ ಆ ಫಲವನ್ನು ಕೊಡುವುದಿಲ್ಲವೇ? ವಿವರದ ಲೆಕ್ಕದಲ್ಲಿ ಇಂದಿನ ಹತ್ತು ಕೋಟಿ ಪಿಕ್ಸೆಲಿನ ಸೆನ್ಸರುಗಳ ಮುಂದೆ ಈ ಫಿಲ್ಮ್ ಗೆಲ್ಲುತ್ತದೆ ಎಂದು ನಾನು ಹೇಳಲಾರೆ. ವ್ಯತ್ಯಾಸ ಇರುವುದು ಬೆಳಕು ಜಾಸ್ತಿಯಾದ ಕಡೆ. ಸೆನ್ಸರಿನ ಪ್ರತಿ ಬಿಂದುವೂ ಒಂದು ಕೊಡಪಾನ, ತುಂಬಿದ ಮೇಲೆ ಸುರಿದದ್ದೆಲ್ಲ ಚೆಲ್ಲಿ ಹೋಗಿ ಅಲ್ಲಿ ಬರೀ ಬಿಳಿ ಉಳಿಯುತ್ತದೆ. ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ಕ್ರಮೇಣ ಅದುಮಿಕೊಂಡು ಹಿಡಿಯುತ್ತದೆ, ಬಿಳಿ ಗೋಡೆಯ ಸುಣ್ಣದ ಉಬ್ಬುತಗ್ಗು ಕಪ್ಪಾದ ನೆಗೆಟಿವಿನೊಳಗೆ ಇನ್ನೂ ಇರುತ್ತದೆ. ಎಚ್ಚರದಿಂದ ತೆಗೆದರೆ ಡಿಜಿಟಲ್‌ನಲ್ಲೂ ಇದನ್ನು ಬಹಳಷ್ಟು ಕಾಪಾಡಬಹುದು, ಅದು ನಿಜ. ಹಾಗಾಗಿ ಯಾವುದು ಮೇಲು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ತೆಗೆದವನ ಕಡೆಯಿಂದ ಹೆಚ್ಚಿನ ತಿದ್ದುಪಡಿ ಇಲ್ಲದೆ, ವಸ್ತುವಿನ ಸ್ವಭಾವದಿಂದಲೇ ಬರುವ ನಯ ಇದು ಎಂದಷ್ಟೇ ಹೇಳುತ್ತೇನೆ.

ದೊಡ್ಡ ನೆಗೆಟಿವ್ ಇನ್ನೊಂದು ಸ್ವಾತಂತ್ರ್ಯವನ್ನೂ ಕೊಡುತ್ತದೆ, ಅದರ ಬಗ್ಗೆ ಮಾತು ಕಡಿಮೆ. ಫಿಲ್ಮ್ ತೊಳೆಯುವ ದ್ರಾವಣಗಳಲ್ಲಿ ಕೊಡಕ್ ಡಿ-76ರಂಥವು ಕಣದ ಅಂಚನ್ನು ಸ್ವಲ್ಪ ಕರಗಿಸಿ ಮೆದು ಮಾಡುತ್ತವೆ. ಅದಕ್ಕೆಂದೇ ಅದರ ಒಂದು ಲೀಟರಿನಲ್ಲಿ 100 ಗ್ರಾಂ ಸೋಡಿಯಂ ಸಲ್ಫೈಟ್ ಇದೆ. 1891ರಿಂದಲೂ ಇರುವ ರೋಡಿನಾಲ್ ಹಾಗೆ ಮಾಡುವುದಿಲ್ಲ, ಅಂಚು ಗಡುಸಾಗಿ ಉಳಿಯುತ್ತದೆ, ತರಿಯೂ ಎದ್ದು ಕಾಣುತ್ತದೆ. 35 ಎಂಎಂ ಬಳಸುವವರು ರೋಡಿನಾಲ್‌ಗೆ ಹೆದರುತ್ತಾರೆ. ಚೌಕದಲ್ಲಿ 50ರ ಫಿಲ್ಮ್ ಹಾಕಿದವರಿಗೆ ಹೆದರಲು ತರಿಯೇ ಇಲ್ಲ, ಗಡುಸು ಅಂಚು ಮತ್ತು ನಯವಾದ ಬೂದು ಎರಡನ್ನೂ ಒಟ್ಟಿಗೆ ಪಡೆಯಬಹುದು. ಪ್ಯಾನ್ ಎಫ್ ಬಳಸುವವರು ಒಂದು ಮಾತು ಮರೆಯಬಾರದು. ತೆಗೆದ ಚಿತ್ರ ತೊಳೆಯುವ ಮೊದಲೇ ಅದರಲ್ಲಿ ಮಸುಕಾಗತೊಡಗುತ್ತದೆ. ಮೂರು ತಿಂಗಳೊಳಗೆ ತೊಳೆಯಿರಿ ಎಂದು ಕಂಪನಿಯೇ ಹೇಳುತ್ತದೆ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನ ಫಿಲ್ಮ್ ಮಾರುತ್ತಿತ್ತು, ಆ ಕಾರ್ಖಾನೆ ಈಗ ಮುಚ್ಚಿದೆ. ಇಂದು ಈ ರೋಲುಗಳು ಹೊರದೇಶದಿಂದ ಬರಬೇಕು, ಅಗ್ಗವಲ್ಲ. ಆದರೆ ಈ ಲೆಕ್ಕವನ್ನು ಪರೀಕ್ಷಿಸಲು ಹೊಸ ರೋಲ್ ಕೊಳ್ಳಲೇಬೇಕೆಂದಿಲ್ಲ. ಟ್ರಂಕಿನಲ್ಲಿ ಆ ಬಿಳಿ ಅಂಚಿನ ಫೋಟೋಗಳ ಜೊತೆ ಕಾಗದದ ಲಕೋಟೆಯಲ್ಲಿ ನೆಗೆಟಿವುಗಳೂ ಉಳಿದಿರಬಹುದು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಜೆಲಟಿನ್‌ಗೆ ಬೂಷ್ಟು ಹಿಡಿದಿರಬಹುದು, ಅದನ್ನು ನೀರಿನಿಂದ ಒರೆಸಲು ಹೋಗಬೇಡಿ, ಪದರವೇ ಕಿತ್ತುಬರುತ್ತದೆ. ಚೆನ್ನಾಗಿ ಉಳಿದ ಒಂದನ್ನು ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ, ಭೂತಗನ್ನಡಿಯಲ್ಲಿ ನೋಡಿ. ಆ ಚೌಕವನ್ನು ಯಾರೂ ಒಂದೇ ಒಂದು ಪಟ್ಟು ಹಿಗ್ಗಿಸಿ ನೋಡಿರಲಾರರು. ಮೂಲೆಗಳು ಮಸುಕಾಗಿರುತ್ತವೆ, ಒಂಟಿ ಲೆನ್ಸಿನ ಮಿತಿ ಅದು. ನಡುವಿನಲ್ಲಿ, ಅಜ್ಜಿಯ ಹಿಂದಿನ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಅದು ಯಾವ ತಿಂಗಳೆಂದು ಓದಲು ಬಂದರೂ ಬರಬಹುದು.